ಆಯ್ಕೆಯ ಮಾತು ಯಾರ ಬಾಯಲ್ಲಿ?

ಮನುಷ್ಯ ನಂಬುತ್ತಾನೆಂದು ದೇವರು ಅವನನ್ನು ಆರಿಸಿಕೊಳ್ಳುತ್ತಾನೋ, ದೇವರು ಆರಿಸಿಕೊಂಡದ್ದರಿಂದಲೇ ಮನುಷ್ಯ ನಂಬುತ್ತಾನೋ? 1618ರ ನವೆಂಬರ್‌ನಿಂದ ಮರುವರ್ಷದ ಮೇ ತಿಂಗಳವರೆಗೆ ಹಾಲೆಂಡಿನ ಡಾರ್ಟ್ ಪಟ್ಟಣದಲ್ಲಿ ಸೇರಿದ ಸಿನೊಡ್ಡನ್ನು, ಅಂದರೆ ಚರ್ಚಿನ ಮಹಾಸಭೆಯನ್ನು, ಕಾಡಿದ್ದು ಈ ಪ್ರಶ್ನೆ. ಮೊದಲನೆಯ ಮಾತಿನ ಪರ ನಿಂತಿದ್ದ ಲೈಡನ್ನಿನ ಪ್ರಾಧ್ಯಾಪಕ ಅರ್ಮಿನಿಯಸ್ 1609ರಲ್ಲೇ ತೀರಿಹೋಗಿದ್ದ. ಅವನ ಅನುಯಾಯಿಗಳು 1610ರಲ್ಲಿ ಸಲ್ಲಿಸಿದ ಐದು ಅಂಶಗಳ ಮನವಿಯನ್ನು ಸಿನೊಡ್ ತಳ್ಳಿಹಾಕಿತು. ಅವರ ಪರ ನಿಂತಿದ್ದ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟನ ತಲೆ ಅದೇ ಮೇ ತಿಂಗಳಲ್ಲಿ ಹೇಗ್ ನಗರದಲ್ಲಿ ಉರುಳಿತು. ಅದರಲ್ಲಿ ರಾಜಕೀಯವೂ ಬೆರೆತಿತ್ತು, ನಿಜ.

ಮನುಷ್ಯ ತನ್ನ ಬಲದಿಂದಲೇ ರಕ್ಷಣೆ ಪಡೆಯಬಲ್ಲನೆಂದು ಅರ್ಮಿನಿಯಸ್ ಹೇಳಿದನೆಂಬ ಆರೋಪ ಇಂದಿಗೂ ಕೇಳಿಬರುತ್ತದೆ. ಅದು ಅನ್ಯಾಯ. ಕೃಪೆಯಿಲ್ಲದೆ ಒಳ್ಳೆಯದೊಂದನ್ನೂ ಬಯಸಲಾರೆವೆಂದು ಅವನೂ ನಂಬಿದ್ದ. ಆದರೆ ಆ ಕೃಪೆಯನ್ನು ಮನುಷ್ಯ ನಿರಾಕರಿಸಬಲ್ಲ ಎಂದ. ಹಾಗಾದರೆ ನಿರಾಕರಿಸದೇ ಇದ್ದದ್ದು ನನ್ನ ಹಿರಿಮೆಯಾಗುವುದಿಲ್ಲವೇ ಎಂದು ಎದುರಾಳಿಗಳು ಕೇಳಿದರು. ಅವನ ಉತ್ತರ ಸರಳ: ಭಿಕ್ಷುಕ ಕೈಚಾಚಿದನೆಂದ ಮಾತ್ರಕ್ಕೆ ಭಿಕ್ಷೆ ಅವನ ಸಂಪಾದನೆಯಾಗುವುದಿಲ್ಲ. ಈ ಉತ್ತರವನ್ನು ಯಾರೂ ಸರಿಯಾಗಿ ಮುರಿದಿಲ್ಲವೆಂದೇ ನನ್ನ ಎಣಿಕೆ.

ಹಾಗೆಂದು ಆಯ್ಕೆಯ ಸಿದ್ಧಾಂತ ಪೊಳ್ಳಲ್ಲ. ಹಿಂದಿನ ಬದುಕನ್ನು ತಿರುಗಿ ನೋಡಿದ ಸಂತ ಆಗಸ್ಟೀನನಿಗೆ ತಾನು ದೇವರನ್ನು ಹುಡುಕುವ ಮೊದಲೇ ದೇವರು ತನ್ನನ್ನು ಹುಡುಕುತ್ತಿದ್ದನೆನಿಸಿತು. ಬಿದ್ದೆದ್ದು ಬಂದ ವಿಶ್ವಾಸಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ. ನನ್ನನ್ನು ಆರಿಸಿಕೊಂಡ ಎಂಬುದು ಕೃತಜ್ಞತೆಯ ಮಾತು, ಅದರಷ್ಟು ನಿಜವಾದದ್ದು ಬೇರೆ ಇಲ್ಲ. ಅವನನ್ನು ಆರಿಸಿಕೊಳ್ಳಲಿಲ್ಲ ಎಂದು ನೆರೆಯವನತ್ತ ಬೆರಳು ತೋರಿದಾಗ ಕೃತಜ್ಞತೆ ಹೋಗಿ ತೀರ್ಪು ಬಂದು ಕೂರುತ್ತದೆ. ತೀರ್ಪು ಕೊಡುವ ಪೀಠ ನಮ್ಮದಲ್ಲ.

ಆಯ್ಕೆಯ ವಾದಕ್ಕೆ ಆಧಾರವಾಗಿ ಎಲ್ಲರೂ ಎತ್ತಿಕೊಳ್ಳುವುದು ರೋಮಾಪುರದವರಿಗೆ ಪೌಲ ಬರೆದ ಪತ್ರದ 9ನೇ ಅಧ್ಯಾಯವನ್ನು: ದೇವರು ಆರಿಸಿಕೊಂಡ ಯಾಕೋಬ, ಆರಿಸಿಕೊಳ್ಳದ ಏಸಾವ, ಮಣ್ಣನ್ನು ತನ್ನಿಷ್ಟದಂತೆ ರೂಪಿಸುವ ಕುಂಬಾರ. ಆ ಅಧ್ಯಾಯ ಆರಂಭವಾಗುವುದು ಮಾತ್ರ ಸಂಕಟದಿಂದ. ತನ್ನ ಜನರ ಸಲುವಾಗಿ ತಾನೇ ಶಾಪಗ್ರಸ್ತನಾಗಿ ಕ್ರಿಸ್ತನಿಂದ ದೂರವಾದರೂ ಸರಿಯೆಂದು ಪೌಲ ಹಂಬಲಿಸುತ್ತಾನೆ. ಅಲ್ಲಿಂದ ಹೊರಟ ವಾದ 11ನೇ ಅಧ್ಯಾಯದಲ್ಲಿ ಎಲ್ಲರಿಗೂ ಕರುಣೆ ಎಂಬಲ್ಲಿಗೆ ಮುಟ್ಟುತ್ತದೆ. ಮೊದಲಿನ ಅಳಲನ್ನೂ ಕೊನೆಯ ಕರುಣೆಯನ್ನೂ ಕತ್ತರಿಸಿ, ನಡುವಿನ ಕುಂಬಾರನನ್ನಷ್ಟೇ ಉಳಿಸಿಕೊಂಡರೆ ಅದು ಪೌಲನ ಮಾತಾಗಿ ಉಳಿಯುವುದಿಲ್ಲ.

ಡಾರ್ಟಿನ ಹಿರಿಯರ ಎದೆಯೂ ಕಲ್ಲಾಗಿರಲಿಲ್ಲ. ಹಸುಳೆಗಳಾಗಿದ್ದಾಗಲೇ ತೀರಿಕೊಂಡ ಮಕ್ಕಳ ಆಯ್ಕೆಯ ಬಗ್ಗೆ ದೈವಭಕ್ತ ತಂದೆತಾಯಿ ಸಂಶಯಪಡಬಾರದೆಂದು ಅವರು ತಮ್ಮ ನಿರ್ಣಯಗಳ ಮೊದಲ ಅಧ್ಯಾಯದ 17ನೇ ಕಲಮಿನಲ್ಲಿ ಬರೆದರು. ಕೃಪೆಯ ಒಡಂಬಡಿಕೆಯಲ್ಲಿ ಆ ಮಕ್ಕಳೂ ಸೇರಿದ್ದಾರೆ ಎಂಬುದು ಅವರು ಕೊಟ್ಟ ಕಾರಣ. ಆ ಒಡಂಬಡಿಕೆಯ ಹೊರಗಿರುವ ತಾಯಿಯ ಕಂದನ ಬಗ್ಗೆ ಆ ಕಲಮಿನಲ್ಲಿ ಒಂದು ಮಾತೂ ಇಲ್ಲ. ಆಯ್ಕೆಯನ್ನು ಬೋಧಿಸುವ ಪ್ರತಿಯೊಬ್ಬ ಉಪದೇಶಕನೂ ಮೊದಲು ಆ ತಾಯಿಗೆ ಉತ್ತರ ಕೊಡಬೇಕು.