ಸಂಪತ್ತು ಸಮುದಾಯದ ಅಳತೆಗೋಲೇ?

ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಉಪಖಂಡದವರ ಮಾತು ಬಂದಾಗಲೆಲ್ಲ ಒಂದು ಹೋಲಿಕೆ ತಪ್ಪದೆ ಬರುತ್ತದೆ. ಈದಿ ಅಮೀನನು ಉಟ್ಟ ಬಟ್ಟೆಯಲ್ಲಿ ಹೊರಗಟ್ಟಿದ ಗುಜರಾತಿಗಳು ಅಲ್ಲಿಗೆ ಹೋಗಿ ಕೋಟ್ಯಧೀಶರಾದರಂತೆ. ಸುಮಾರು ಅದೇ ಕಾಲದಲ್ಲಿ ಅದೇ ದೇಶ ಸೇರಿದ ಪಾಕಿಸ್ತಾನಿಗಳು ಇಂದಿಗೂ ಟ್ಯಾಕ್ಸಿ ಓಡಿಸಿಕೊಂಡಿದ್ದಾರಂತೆ. ಹೇಳುವವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಉಳಿದದ್ದನ್ನು ಕೇಳುವವನೇ ತುಂಬಿಕೊಳ್ಳಬೇಕು: ಒಬ್ಬರ ಧರ್ಮದಲ್ಲಿ ಪರಿಶ್ರಮವಿದೆ, ಇನ್ನೊಬ್ಬರ ಧರ್ಮದಲ್ಲಿ ಜಡತೆಯಿದೆ ಎಂದು.

ಓದುಗರೇ, ಇದನ್ನು ನೀವೂ ಎಲ್ಲಾದರೂ ಕೇಳಿರಬಹುದು. ರೈಲಿನಲ್ಲೋ, ಕಚೇರಿಯಲ್ಲೋ, ಮದುವೆಯ ಊಟದ ಸಾಲಿನಲ್ಲೋ. ಕೇಳಿದಾಗ ನಮ್ಮಲ್ಲಿ ಕೆಲವರು ಸಿಟ್ಟಿಗೇಳುತ್ತಾರೆ, ಕೆಲವರು ತಲೆ ತಗ್ಗಿಸುತ್ತಾರೆ. ಇನ್ನು ಕೆಲವರಂತೂ ಹೌದು, ನಮ್ಮವರು ಹೀಗೆಯೇ ಎಂದು ತಾವೇ ಮೊದಲು ಹೇಳಿ ಪಾರಾಗುತ್ತಾರೆ. ಸಿಟ್ಟು, ನಾಚಿಕೆ, ಜಾಣತನ, ಈ ಮೂರರಲ್ಲಿ ಒಂದೂ ವಿಚಾರವಲ್ಲ. ಒಂದು ಸಮುದಾಯದ ಸಿರಿತನವು ಅದರ ಗುಣಕ್ಕೆ ಸಾಕ್ಷಿಯಾಗುತ್ತದೆಯೇ, ಬಡತನವು ಅದರ ಅವಗುಣಕ್ಕೆ ಸಾಕ್ಷಿಯಾಗುತ್ತದೆಯೇ ಎಂಬುದು ನಿಜವಾದ ಪ್ರಶ್ನೆ. ಅದನ್ನು ಈ ಉದಾಹರಣೆಯಲ್ಲಿಯೇ ಇಟ್ಟು ನೋಡೋಣ.

ಮೊದಲು ಒಪ್ಪಬೇಕಾದುದನ್ನು ಒಪ್ಪಿಬಿಡೋಣ. ಅಂತರ ಇರುವುದು ನಿಜ. ಬ್ರಿಟನ್ನಿನ ಅಂಕಿ ಅಂಶಗಳ ಇಲಾಖೆ ಲೆಕ್ಕ ಹಾಕಿದಂತೆ 2018ರಲ್ಲಿ ಭಾರತೀಯ ಮೂಲದ ನೌಕರನ ಮಧ್ಯಮ ಸಂಬಳ ಗಂಟೆಗೆ 13.47 ಪೌಂಡ್. ಬಿಳಿಯ ಬ್ರಿಟಿಷರದು 12.03 ಪೌಂಡ್. ಪಾಕಿಸ್ತಾನಿ ಮೂಲದವರದು 10 ಪೌಂಡಿನ ಆಸುಪಾಸು, ಬಾಂಗ್ಲಾದೇಶಿ ಮೂಲದವರದು ಅದಕ್ಕೂ ಕಡಿಮೆ, 9.60 ಪೌಂಡ್. ಇಂಗ್ಲೆಂಡಿನಲ್ಲಿ ಸ್ವಂತ ಮನೆಯಿರುವ ಭಾರತೀಯ ಕುಟುಂಬಗಳು ಅದೇ ಸುಮಾರಿಗೆ ನೂರಕ್ಕೆ 74. ಪಾಕಿಸ್ತಾನಿ ಕುಟುಂಬಗಳು 58. ಈ ಅಂಕಿಗಳನ್ನು ನಮ್ಮ ವೈರಿಗಳ ಕಟ್ಟುಕತೆಯೆಂದು ತಳ್ಳಿಹಾಕುವುದು ಸತ್ಯಕ್ಕೂ ಒಳ್ಳೆಯದಲ್ಲ, ನಮಗೂ ಒಳ್ಳೆಯದಲ್ಲ.

ಆದರೆ ಓಟದ ಪಂದ್ಯದಲ್ಲಿ ಯಾರು ಮುಂದೆ ಬಂದರೆಂದು ಹೇಳುವ ಮೊದಲು ಯಾರು ಎಲ್ಲಿಂದ ಓಡಲಾರಂಭಿಸಿದರೆಂದು ಕೇಳಬೇಡವೇ?

ಉಗಾಂಡಾದ ಏಷ್ಯನ್ನರನ್ನು ತೆಗೆದುಕೊಳ್ಳಿ. ಅವರು ಕೂಲಿಗಳ ಮಕ್ಕಳು ಎಂಬ ಒಂದು ನಂಬಿಕೆಯಿದೆ. 1896ರಲ್ಲಿ ಆರಂಭವಾದ ಉಗಾಂಡಾ ರೈಲುಮಾರ್ಗಕ್ಕಾಗಿ ಬ್ರಿಟಿಷರು ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಒಯ್ದದ್ದು ನಿಜ. ಅವರಲ್ಲಿ ಹೆಚ್ಚಿನವರು ಪಂಜಾಬಿನವರು, ಕರಾರು ಮುಗಿದ ಮೇಲೆ ಬಹುಮಂದಿ ಊರಿಗೆ ಮರಳಿದರು. ಅಲ್ಲಿ ಅಂಗಡಿ ತೆರೆದು ನೆಲೆನಿಂತವರು ಬಹುತೇಕ ಬೇರೆಯೇ ಜನ. ಗುಜರಾತ್, ಕಛ್ ಕಡೆಗಳಿಂದ ತಮ್ಮ ಖರ್ಚಿನಲ್ಲಿಯೇ ಬಂದ ವರ್ತಕರು. ತಲೆಮಾರುಗಳಿಂದ ಝಾಂಜಿಬಾರ್ ಕರಾವಳಿಯ ವ್ಯಾಪಾರ ಬಲ್ಲವರು. ಉಗಾಂಡಾದ ಉದ್ದಗಲಕ್ಕೂ ಅಂಗಡಿಗಳ ಜಾಲ ಹಬ್ಬಿಸಿದ ಪ್ರಸಿದ್ಧ ವರ್ತಕ ಅಲಿದೀನಾ ವಿಶ್ರಾಂ ಕಛ್‌ನ ಇಸ್ಮಾಯೀಲಿ ಖೋಜಾ. 1972ರಲ್ಲಿ ಹೊರದಬ್ಬಲ್ಪಟ್ಟವರಲ್ಲಿ ಪಟೇಲರೂ ಲೋಹಾಣರೂ ಇದ್ದಂತೆಯೇ ಖೋಜಾಗಳೂ ಬೋಹರಾಗಳೂ ಗುಜರಾತಿ ಸುನ್ನಿಗಳೂ ಇದ್ದರು. ಧರ್ಮದಿಂದ ಲೆಕ್ಕ ಹಾಕುವವರ ಲೆಕ್ಕ ಇಲ್ಲಿಯೇ ತಪ್ಪುತ್ತದೆ. ಅತ್ತ ಭಾರತದಿಂದ ಬಂದವರೆಲ್ಲರೂ ವರ್ತಕರೇನಲ್ಲ. ಜಲಂಧರದ ಹಳ್ಳಿಗಳಿಂದ ನೇರವಾಗಿ ಬಂದ ಎಷ್ಟೋ ಸಿಖ್ಖರು ಬರ್ಮಿಂಗ್‌ಹ್ಯಾಮ್ ಸುತ್ತಲಿನ ಕಬ್ಬಿಣದ ಎರಕದ ಮನೆಗಳಲ್ಲಿ ಮೈಮುರಿದು ದುಡಿದರು.

1972ರ ಆಗಸ್ಟ್‌ನಲ್ಲಿ ಅಮೀನನು 90 ದಿನಗಳ ಗಡುವು ಕೊಟ್ಟ. ಕೈಯಲ್ಲಿ 50 ಪೌಂಡಿನ ಆಸುಪಾಸು ಮಾತ್ರ ಒಯ್ಯಬಹುದಿತ್ತು. ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು ಜನ ಬ್ರಿಟನ್ನಿಗೆ ಬಂದಿಳಿದರು. ಅದು ಘೋರ ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಅಮೀನನು ಮುಸ್ಲಿಮನಾಗಿದ್ದನೆಂಬ ಕಾರಣಕ್ಕೆ ಅದನ್ನು ಮೆಲುದನಿಯಲ್ಲಿ ಹೇಳಬೇಕಾಗಿಯೂ ಇಲ್ಲ. ಆದರೆ ಗಡಿಯ ಕಾವಲುಗಾರನಿಗೆ ಕಸಿದುಕೊಳ್ಳಲಾಗದ ಕೆಲವು ವಸ್ತುಗಳು ಅವರ ಬಳಿ ಇದ್ದವು. ಲೆಕ್ಕಪತ್ರದ ಜ್ಞಾನ, ಶಾಲೆಯಲ್ಲಿ ಕಲಿತ ಇಂಗ್ಲಿಷ್, ಪೇಟೆಯ ಬದುಕಿನ ರೂಢಿ, ಸಾಲ ಕೊಡುವ ಬಂಧುಬಳಗ. ಕಿಸೆ ಬರಿದಾಗಿತ್ತು, ಅಂಗಡಿ ತಲೆಯೊಳಗಿತ್ತು.

ಇನ್ನೊಂದು ಕಡೆ ಮೀರ್‌ಪುರ. ಬ್ರಿಟನ್ನಿನ ಪಾಕಿಸ್ತಾನಿಗಳಲ್ಲಿ ಬಹುದೊಡ್ಡ ಭಾಗ ಪಾಕಿಸ್ತಾನದ ಆಡಳಿತದಲ್ಲಿರುವ ಕಾಶ್ಮೀರದ ಈ ಒಂದು ಪ್ರದೇಶದವರು. ಮಳೆಯನ್ನೇ ನಂಬಿದ ತುಂಡು ಹೊಲಗಳ ನಾಡು. ಇಲ್ಲಿನ ಗಂಡಸರು ಬ್ರಿಟಿಷರ ಉಗಿ ಹಡಗುಗಳ ತಳದಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಎಸೆಯುವ ಕೆಲಸಕ್ಕೆ ಹೋಗುತ್ತಿದ್ದರು. ಹಾಗೆ ಕೆಲವರಿಗೆ ಇಂಗ್ಲೆಂಡಿನ ದಾರಿ ಮೊದಲೇ ಪರಿಚಯವಾಗಿತ್ತು. 1960ರಲ್ಲಿ ಸಿಂಧೂ ನದಿ ಒಪ್ಪಂದವಾಯಿತು. ಝೇಲಂ ನದಿಗೆ ಮಂಗ್ಲಾ ಅಣೆಕಟ್ಟು ಬಂತು, 1967ರಲ್ಲಿ ಕೆಲಸ ಮುಗಿಯಿತು. ಹಳೆಯ ಮೀರ್‌ಪುರ ಪಟ್ಟಣವೂ ಸುತ್ತಲ ಹಳ್ಳಿಗಳೂ ಮುಳುಗಿ ಸುಮಾರು ಒಂದು ಲಕ್ಷ ಜನ ಮನೆಮಠ ಕಳೆದುಕೊಂಡರು. ಇಂದಿಗೂ ಜಲಾಶಯದ ನೀರು ಇಳಿದಾಗ ಹಳೆಯ ಊರಿನ ಗುಡಿ ಗೋರಿಗಳು ಮೇಲೆ ಕಾಣುತ್ತವೆ. ಮುಳುಗಡೆ ಎಂದರೇನೆಂದು ಸಾಗರ, ಹೊಸನಗರ ಕಡೆಯ ಅಥವಾ ಬಾಗಲಕೋಟೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

ಹೀಗೆ ನೆಲ ಕಳೆದುಕೊಂಡ ರೈತರಲ್ಲಿ ಬಹಳ ಮಂದಿ ಕೆಲಸದ ಪರವಾನಿಗೆ ಪಡೆದು ಬ್ರಾಡ್‌ಫರ್ಡ್‌ನ ಉಣ್ಣೆ ಗಿರಣಿಗಳಿಗೂ ಲ್ಯಾಂಕಶೈರಿನ ಹತ್ತಿ ಗಿರಣಿಗಳಿಗೂ ಹೋದರು. ಗಿರಣಿಗಳಿಗೆ ಬೇಕಾಗಿದ್ದವರು ರಾತ್ರಿ ಪಾಳಿಗೆ ನಿಲ್ಲುವ ಆಳುಗಳು. ಇಂಗ್ಲಿಷ್ ಬರುತ್ತದೆಯೋ ಇಲ್ಲವೋ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಗದ್ದಲದ ಯಂತ್ರದ ಮುಂದೆ ರಾತ್ರಿಯಿಡೀ ನಿಂತು, ಹಗಲು ಮಲಗಿ, ತನ್ನವರೊಡನೆಯೇ ಮಾತಾಡಿಕೊಂಡಿದ್ದವನು ಹತ್ತು ವರ್ಷವಾದರೂ ಆ ನಾಡಿನ ಭಾಷೆ ಕಲಿಯದಿದ್ದರೆ ಅದರಲ್ಲಿ ಆಶ್ಚರ್ಯವೇನು? ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಆ ಗಿರಣಿಗಳೇ ಒಂದೊಂದಾಗಿ ಮುಚ್ಚಿದವು. ಇಡೀ ಊರು ಒಂದೇ ಕಸುಬನ್ನು ನೆಚ್ಚಿಕೊಂಡಿತ್ತು. ಕಸುಬು ಹೋಯಿತು, ಬೇರೆ ಕೆಲಸ ಬರಲಿಲ್ಲ. ಟ್ಯಾಕ್ಸಿಯ ಚಕ್ರ ಕೈಗೆ ಬಂದದ್ದು ಆಗ. ಈ ಶತಮಾನದ ಮೊದಲ ವರ್ಷಗಳಲ್ಲಿ ದುಡಿಯುವ ಪಾಕಿಸ್ತಾನಿ ಗಂಡಸರಲ್ಲಿ ಆರಕ್ಕೊಬ್ಬ ಬಾಡಿಗೆ ವಾಹನ ಓಡಿಸುವವನಾಗಿದ್ದನೆಂದು ಸರಕಾರಿ ಲೆಕ್ಕವಿದೆ. ಅದೇ ಹೊತ್ತಿಗೆ ಗುಜರಾತಿಗಳು ಹೆಚ್ಚಾಗಿ ನೆಲೆಸಿದ್ದುದು ಲಂಡನ್ನಿನ ಸುತ್ತಮುತ್ತ ಮತ್ತು ಲೆಸ್ಟರಿನಲ್ಲಿ. ಲಂಡನ್ನಿನಲ್ಲಿ ಕಾರ್ಖಾನೆ ಮುಚ್ಚಿದರೂ ಬ್ಯಾಂಕು, ಕಚೇರಿ, ಆಸ್ಪತ್ರೆಗಳು ಬೆಳೆಯುತ್ತಿದ್ದವು.

ಇನ್ನೊಂದು ವ್ಯತ್ಯಾಸವಿದೆ. ನನ್ನ ಮಟ್ಟಿಗೆ ಇದೇ ಮುಖ್ಯವಾದುದು. ಗುಜರಾತಿಗೆ ಮರಳಿ ಹೋಗಲು ಊರಿರಲಿಲ್ಲ. ಕಂಪಾಲಾದ ಬಾಗಿಲು ಮುಚ್ಚಿತ್ತು. ಆದುದರಿಂದ ಬಂದ ದಿನದಿಂದಲೇ ಗಳಿಸಿದ್ದನ್ನೆಲ್ಲ ಅವನು ಆ ನೆಲದಲ್ಲಿಯೇ ಹೂಡಿದ. ಮೀರ್‌ಪುರದವನಾದರೋ ಇನ್ನೆರಡು ವರ್ಷ ದುಡಿದು ಮರಳುತ್ತೇನೆ ಎಂದುಕೊಂಡೇ ಮೂವತ್ತು ವರ್ಷ ಕಳೆದ. ಉಳಿಸಿದ ಹಣ ಊರಿಗೆ ಹೋಯಿತು. ಅಪ್ಪನ ಔಷಧಿ, ತಂಗಿಯರ ಮದುವೆ, ತಮ್ಮನ ಟಿಕೆಟ್ಟು, ಕೊನೆಗೆ ಊರಲ್ಲೊಂದು ದೊಡ್ಡ ಮನೆ. ಆ ಮನೆಗಳಲ್ಲಿ ಎಷ್ಟೋ ಇಂದು ಬೀಗ ಹಾಕಿಕೊಂಡು ನಿಂತಿವೆ. ಲೆಕ್ಕಪುಸ್ತಕದಲ್ಲಿ ನೋಡಿದರೆ ಅವನು ಹಿಂದುಳಿದವನು. ಆದರೆ ಅವನ ಸಂಬಳದಿಂದ ಎಷ್ಟು ಮನೆಗಳ ಒಲೆ ಉರಿದವೆಂಬುದನ್ನು ಬ್ರಿಟನ್ನಿನ ಅಂಕಿ ಅಂಶಗಳ ಇಲಾಖೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಲ್ಫ್‌ನಲ್ಲಿ ಮಗನೋ ಅಣ್ಣನೋ ಇರುವ ನಮ್ಮ ಮನೆಗಳಲ್ಲಿ ಈ ಮಾತು ಬೇಗ ಅರ್ಥವಾದೀತು.

ಹಾಗೆಂದು ಗುಜರಾತಿಗಳ ಏಳಿಗೆಯನ್ನು ಕಡಿಮೆ ಮಾಡುವುದೂ ನ್ಯಾಯವಲ್ಲ. 1972ರಲ್ಲಿ ಲೆಸ್ಟರಿನ ನಗರಾಡಳಿತವು ಉಗಾಂಡಾದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ದಯವಿಟ್ಟು ನಮ್ಮ ಊರಿಗೆ ಬರಬೇಡಿ ಎಂದು ತಿಳಿಸಿತ್ತು. ಅವರು ಬಂದರು, ಅವಮಾನ ನುಂಗಿದರು, ಬೆಳಗಿನ ಜಾವದಿಂದ ರಾತ್ರಿಯ ತನಕ ಮನೆಮಂದಿಯೆಲ್ಲ ಅಂಗಡಿಯಲ್ಲಿ ನಿಂತರು. ಎಲ್ಲರೂ ಅಂಗಡಿಯವರೂ ಆಗಲಿಲ್ಲ. 1976ರಿಂದ 1978ರ ವರೆಗೆ ಲಂಡನ್ನಿನ ಗ್ರನ್‌ವಿಕ್ ಫೋಟೋ ಕಾರ್ಖಾನೆಯ ಮುಂದೆ ಜಯಾಬೆನ್ ದೇಸಾಯಿಯವರೊಂದಿಗೆ ಮುಷ್ಕರ ಹೂಡಿ ನಿಂತವರು ಹೆಚ್ಚಾಗಿ ಪೂರ್ವ ಆಫ್ರಿಕಾದಿಂದ ಬಂದ ಸೀರೆಯುಟ್ಟ ಹೆಂಗಸರೇ. ಮುಷ್ಕರ ಸೋತಿತು. ಕೋಟ್ಯಧೀಶರ ಕತೆ ಹೇಳುವವರು ಇವರನ್ನು ನೆನೆಯುವುದಿಲ್ಲ.

ಆಫ್ರಿಕಾದಲ್ಲಿ ಅವರು ಗಳಿಸಿದ್ದ ಸಂಪತ್ತಿಗೂ ಒಂದು ಹಿನ್ನೆಲೆಯಿದೆ. ವಸಾಹತುಶಾಹಿಯು ಬಿಳಿಯನನ್ನು ಮೇಲೆ, ಏಷ್ಯನ್ನನನ್ನು ನಡುವೆ, ನೆಲದ ಮಗನಾದ ಕರಿಯನನ್ನು ಕೆಳಗೆ ಕೂರಿಸಿತ್ತು. ಹತ್ತಿ ಬೆಳೆಯುವವನು ಆಫ್ರಿಕನ್ ರೈತ, ಹತ್ತಿ ಬಿಡಿಸುವ ಜಿನ್ ಏಷ್ಯನ್ನನ ಕೈಯಲ್ಲಿ. 1949ರಲ್ಲಿ ಬುಗಾಂಡಾದ ರೈತರು ದಂಗೆಯೆದ್ದಾಗ ತಮ್ಮ ಹತ್ತಿಯನ್ನು ತಾವೇ ಬಿಡಿಸಿ ಮಾರುವ ಹಕ್ಕು ಬೇಕೆಂಬುದು ಅವರ ಬೇಡಿಕೆಗಳಲ್ಲೊಂದು. ಅಮೀನನ ಅಪರಾಧವನ್ನು ಇದು ಕಿರಿದು ಮಾಡುವುದಿಲ್ಲ. ಯಾವ ಸಂಪತ್ತೂ ಬರೀ ಬೆವರಿನಿಂದ ಬಂದದ್ದಲ್ಲವೆಂಬುದಕ್ಕೆ ಮಾತ್ರ ಇದನ್ನು ಹೇಳಿದೆ.

ಪವಿತ್ರ ಕುರ್‌ಆನ್ ಅಲ್‌ಫಜ್ರ್ ಅಧ್ಯಾಯದಲ್ಲಿ ಮನುಷ್ಯನ ಒಂದು ಸ್ವಭಾವವನ್ನು ಎತ್ತಿ ತೋರಿಸುತ್ತದೆ. ಕೈತುಂಬ ಸಿಕ್ಕಿದಾಗ ತನ್ನ ಪ್ರಭು ತನ್ನನ್ನು ಗೌರವಿಸಿದನೆನ್ನುತ್ತಾನೆ, ಆಹಾರ ಬಿಗಿಯಾದಾಗ ಅಪಮಾನಿಸಿದನೆನ್ನುತ್ತಾನೆ. ಕುರ್‌ಆನ್ ಇವೆರಡನ್ನೂ ಅಲ್ಲಗಳೆಯುತ್ತದೆ. ಅಲ್ಲಗಳೆದು, ಕೂಡಲೇ ಅನಾಥನನ್ನೂ ಬಡವನ ಅನ್ನವನ್ನೂ ಕುರಿತು ಕೇಳುತ್ತದೆ. ಗಮನಿಸಿ, ಸಂಪತ್ತು ಎಷ್ಟು ಬಂತೆಂಬ ಪ್ರಶ್ನೆ ಅಲ್ಲಿಲ್ಲ, ಅದರಿಂದ ಏನು ಮಾಡಿದಿರಿ ಎಂಬುದಿದೆ. ಸಮುದಾಯಗಳನ್ನು ತೂಗುವ ನಮ್ಮ ತಕ್ಕಡಿಯಾದರೋ ಮೊದಲ ಪ್ರಶ್ನೆಯಲ್ಲಿಯೇ ನಿಂತುಬಿಟ್ಟಿದೆ.

ಮದೀನಾದಲ್ಲಿಯೂ ವಲಸಿಗರಿದ್ದರು. ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ್(ರ) ತನ್ನ ಸೊತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅವರು ಪ್ರಾರ್ಥಿಸಿ, ನಿರಾಕರಿಸಿ, ಮಾರುಕಟ್ಟೆಯ ದಾರಿ ಕೇಳಿದರು. ತುಪ್ಪ ಮತ್ತು ಒಣಗಿಸಿದ ಮೊಸರಿನ ವ್ಯಾಪಾರದಿಂದ ಆರಂಭಿಸಿ ಮುಂದೆ ಬಹುದೊಡ್ಡ ಶ್ರೀಮಂತರಾದರು. ನಮ್ಮ ಭಾಷಣಕಾರರಿಗೆ ಅಚ್ಚುಮೆಚ್ಚಿನ ಘಟನೆಯಿದು, ಸ್ವಾವಲಂಬನೆಯ ಪಾಠಕ್ಕೆ. ಸರಿಯೇ. ಆದರೆ ಅವರು ಕುರೈಶರ ವರ್ತಕ ಮನೆತನದವರು, ವ್ಯಾಪಾರ ಬಲ್ಲವರು. ಅದೇ ಊರಿನ ಮಸೀದಿಯ ಸುಫ್ಫಾ ಎಂಬ ಚಾವಡಿಯಲ್ಲಿ ಮನೆಯೂ ಬಂಧುಗಳೂ ಇಲ್ಲದ ಬೇರೆ ವಲಸಿಗರು ಹಸಿದು ಮಲಗುತ್ತಿದ್ದರು. ಯಮನ್‌ನಿಂದ ಬಂದ ಹ. ಅಬೂ ಹುರೈರಾ(ರ) ಅವರಲ್ಲೊಬ್ಬರು. ನೀವೂ ಔಫರ ಮಗನಂತೆ ಏಕಾಗಲಿಲ್ಲ ಎಂದು ಪ್ರವಾದಿವರ್ಯರು(ಸ) ಅವರನ್ನು ಹೀಯಾಳಿಸಲಿಲ್ಲ. ತಮಗೆ ಬಂದ ಆಹಾರದಲ್ಲಿ ಅವರಿಗೂ ಪಾಲಿಟ್ಟರು. ಸುಫ್ಫಾದವರ ಕತೆಯನ್ನು ನಮ್ಮ ವೇದಿಕೆಗಳಲ್ಲಿ ಅಷ್ಟಾಗಿ ಕೇಳುವುದಿಲ್ಲ. ಕೇಳಿದರೂ ಅದು ಅವರ ಭಕ್ತಿಗಾಗಿ, ಹಸಿವಿಗಾಗಿ ಅಲ್ಲ.

ಹಾಗಾದರೆ ಎಲ್ಲವೂ ಇತಿಹಾಸದ ತಪ್ಪು, ನಮ್ಮದೇನೂ ಇಲ್ಲ ಎಂದು ಕೈ ತೊಳೆದುಕೊಳ್ಳೋಣವೇ? ಇಲ್ಲಿ ನಾನು ನಿಮ್ಮೊಡನೆ ಸ್ವಲ್ಪ ಕಠಿಣವಾಗಿ ಮಾತಾಡುತ್ತೇನೆ. ಕಾರಣ ಹೇಳುವುದು ಬೇರೆ, ನೆಪ ಹೇಳುವುದು ಬೇರೆ. ಅಣೆಕಟ್ಟು ಕಟ್ಟಿದ್ದು ಮೀರ್‌ಪುರದವರಲ್ಲ, ಗಿರಣಿ ಮುಚ್ಚಿದ್ದೂ ಅವರಲ್ಲ. ಆದರೆ ಶಾಲೆ ನಡೆಯುತ್ತಿರುವಾಗ ಮಕ್ಕಳನ್ನು ತಿಂಗಳುಗಟ್ಟಲೆ ಊರಿಗೆ ಕರೆದೊಯ್ದವರು ಹೆತ್ತವರೇ. ಬಿರಾದರಿಯ ಮಾನಕ್ಕಾಗಿ ಮದುವೆಗೆ ಸುರಿದ ಹಣವನ್ನು ಯಾರೂ ಅವರಿಂದ ಕಸಿಯಲಿಲ್ಲ. ಹೆಣ್ಣುಮಕ್ಕಳ ಓದನ್ನು ಹದಿನಾರಕ್ಕೆ ನಿಲ್ಲಿಸಿದ ಮನೆಗಳೂ ಇದ್ದವು. ಪಾಕಿಸ್ತಾನಿ, ಬಾಂಗ್ಲಾದೇಶಿ ಮೂಲದ ಹೆಂಗಸರಲ್ಲಿ ಸಂಬಳದ ಕೆಲಸದಲ್ಲಿದ್ದವರು 2019ರಲ್ಲಿಯೂ ಅರ್ಧಕ್ಕಿಂತ ಕಡಿಮೆ. ಮನೆ, ಮಕ್ಕಳು, ವೃದ್ಧರನ್ನು ನೋಡಿಕೊಳ್ಳುವವಳನ್ನು ನಿರುದ್ಯೋಗಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಅದು ಅವಳೇ ಆರಿಸಿಕೊಂಡ ದಾರಿಯೋ, ಓದು ನಿಲ್ಲಿಸಿ ಉಳಿಸಿದ ಒಂದೇ ದಾರಿಯೋ ಎಂದು ಕೇಳುವ ಹಕ್ಕು ಅವಳಿಗಿದೆ. ಈ ವಿಮರ್ಶೆ ಮನೆಯೊಳಗಿನವರು ಮಾಡಿದರೆ ಔಷಧಿ. ಹೊರಗಿನವನು ಹೋಲಿಸಿ ಎಸೆದರೆ ಕಲ್ಲು. ಹೊರಗಿನ ಕಲ್ಲಿಗೆ ಹೆದರಿ ಒಳಗಿನ ಔಷಧಿಯನ್ನೂ ಚೆಲ್ಲುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ.

ಹೋಲಿಸಲೇಬೇಕೆಂದರೆ ಮೊಮ್ಮಗನನ್ನು ಅವನ ಅಜ್ಜನೊಡನೆ ಹೋಲಿಸಬಹುದು. ಸಿಲ್ಹೆಟಿನ ಬಾಂಗ್ಲಾ ಕುಟುಂಬಗಳು ಕಿಕ್ಕಿರಿದಿರುವ ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ 1997ರಲ್ಲಿ ಶಾಲಾ ಫಲಿತಾಂಶದಲ್ಲಿ ಇಂಗ್ಲೆಂಡಿಗೇ ಕೊನೆಯ ಸ್ಥಾನದಲ್ಲಿತ್ತು. ಸರಕಾರ ಹಣ ಕೊಟ್ಟಿತು, ಒಳ್ಳೆಯ ಶಿಕ್ಷಕರು ಬಂದು ನಿಂತರು, ಹೆತ್ತವರೂ ಮಸೀದಿಗಳೂ ಮಕ್ಕಳ ಹಾಜರಿಯ ಬೆನ್ನು ಹತ್ತಿದವು. ಹದಿನೈದು ವರ್ಷಗಳಲ್ಲಿ ಅದು ರಾಷ್ಟ್ರದ ಸರಾಸರಿಯನ್ನು ದಾಟಿತು. ಅಷ್ಟರಲ್ಲಿ ಆ ಜನರ ಧರ್ಮವೇನೂ ಬದಲಾಗಿರಲಿಲ್ಲ.

ಶಾಲೆ ದಾಟಿದ ಮೇಲೆ ಉದ್ಯೋಗದ ಬಾಗಿಲಿದೆ. 2009ರಲ್ಲಿ ಬ್ರಿಟನ್ ಸರಕಾರವೇ ಒಂದು ಪರೀಕ್ಷೆ ಮಾಡಿಸಿತು. ಒಂದೇ ಅರ್ಹತೆಯ ಕಾಲ್ಪನಿಕ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳುಹಿಸಲಾಯಿತು. ಬಿಳಿಯರ ಹೆಸರಿಗೆ ಒಂಬತ್ತು ಅರ್ಜಿಗಳಿಗೊಂದು ಅನುಕೂಲಕರ ಉತ್ತರ ಬಂತು, ಉಳಿದವರ ಹೆಸರಿಗೆ ಹದಿನಾರಕ್ಕೊಂದು. ಆ ಹದಿನಾರರ ಲೆಕ್ಕದಲ್ಲಿ ಭಾರತೀಯರ ಹೆಸರುಗಳೂ ಇದ್ದವು, ಪಾಕಿಸ್ತಾನಿಗಳ ಹೆಸರುಗಳೂ ಇದ್ದವು.