ಕೂಸಿಗೆ ಕೊಟ್ಟ ಹೊತ್ತು

ಆಗಸ್ಟ್ ಬಂತೆಂದರೆ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬೆಳೆದ ಮನೆಗಳಲ್ಲಿ ಹಗಲಿಗೂ ರಾತ್ರಿಗೂ ವ್ಯತ್ಯಾಸ ಉಳಿಯುವುದಿಲ್ಲ. ಮುರಿದು ತಂದ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಸೊಪ್ಪು ಹದಮಾಡುವ ಬ್ಯಾರನ್ನಿಗೆ ಏರಿಸಿ ಬೆಂಕಿ ಹಾಕಿದ ಮೇಲೆ ಐದಾರು ದಿನ ಅದರ ಮುಂದೆ ಯಾರಾದರೂ ಎಚ್ಚರವಿರಲೇಬೇಕು. ಮೊದಲು ಎಲೆ ಹಳದಿಗೆ ತಿರುಗುವಷ್ಟು ಹದವಾದ ಕಾವು, ಸುಮಾರು 35ರಿಂದ 40 ಡಿಗ್ರಿ. ಆಮೇಲೆ ಎಲೆ ಒಣಗಲು ಇನ್ನಷ್ಟು. ಕೊನೆಗೆ ನಡುದಂಟು ಒಣಗಲು 70 ಡಿಗ್ರಿಯ ಹತ್ತಿರ. ಅವಸರಪಟ್ಟು ಸೌದೆ ತುರುಕಿದರೆ ಬಣ್ಣ ಕೆಡುತ್ತದೆ, ತೂಕಡಿಸಿ ಕಾವು ಇಳಿದರೂ ಕೆಡುತ್ತದೆ. ಕೆಟ್ಟ ಸೊಪ್ಪನ್ನು ಹರಾಜಿನಲ್ಲಿ ಮೂಸುವವರಿಲ್ಲ. ಇದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಮನೆಯ ಎರಡು ವರ್ಷದ ಕೂಸು ರಾತ್ರಿ ಹತ್ತಾದರೂ ಬ್ಯಾರನ್ ಮುಂದೆ, ದೊಡ್ಡ ಬಲ್ಬಿನ ಬೆಳಕಲ್ಲಿ, ಸೊಪ್ಪು ಕಟ್ಟುವ ದಾರದ ಉಂಡೆಯನ್ನು ಉರುಳಿಸುತ್ತಾ ಓಡಾಡುತ್ತಿರುತ್ತದೆ. ದೊಡ್ಡವರ ಕೈ ಬಿಡುವಾದಾಗ ಅದನ್ನು ಎತ್ತಿಕೊಂಡು ಹೋಗಿ ಚಾಪೆಯ ಮೇಲೆ ಹಾಕಿ ‘ಮಲಕೋ’ ಎನ್ನುತ್ತಾರೆ. ಅದು ಮಲಗುವುದಿಲ್ಲ, ರಚ್ಚೆ ಹಿಡಿಯುತ್ತದೆ. ಎಲೆಗೆ ಹಂತಹಂತವಾಗಿ ಕಾವು ಏರಿಸಲು ಬಲ್ಲವರಿಗೆ, ಕೂಸಿನ ಆಟವೂ ಹಂತಹಂತವಾಗಿಯೇ ಇಳಿಯಬೇಕೆಂಬುದು ಆ ಹೊತ್ತಿನಲ್ಲಿ ಹೊಳೆಯುವುದಿಲ್ಲ.

ಬ್ಯಾರನ್ ಇಲ್ಲದ ಮನೆಯವರು ನಾವು ಪಾರಾದೆವು ಎಂದುಕೊಳ್ಳುವ ಹಾಗಿಲ್ಲ. ಕೆಲವರಿಗೆ ಪಂಪ್‌ಸೆಟ್ಟಿನ ಕರೆಂಟು ರಾತ್ರಿ ಪಾಳಿಯಲ್ಲಿ ಬರುತ್ತದೆ. ನಾಗರಹೊಳೆ, ಬಂಡೀಪುರದ ಅಂಚಿನ ಊರುಗಳಲ್ಲಿ ರಾಗಿ ತೆನೆ ಕಟ್ಟಿತೆಂದರೆ ಆನೆ ಕಾಯಲು ಅಟ್ಟಣೆ ಹತ್ತಬೇಕು. ಪೇಟೆಯವರಿಗೆ ಧಾರಾವಾಹಿ ಮುಗಿಯಬೇಕು, ಮೊಬೈಲು ಕೆಳಗಿಡಬೇಕು. ಕಾರಣ ಯಾವುದಾದರೂ ಮಗುವಿನ ಮೈಯ ಲೆಕ್ಕ ಬದಲಾಗದು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದ್ದಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಮಲಗುವ ಮತ್ತು ಏಳುವ ಹೊತ್ತು ನಿಯತವಾಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಬೆಳಗ್ಗೆ ಆರಕ್ಕೆ ಏಳುವ ಕೂಸು ಮಧ್ಯಾಹ್ನ ಎರಡು ಗಂಟೆ ಮಲಗಿದ್ದರೂ, ರಾತ್ರಿ ಒಂಬತ್ತಕ್ಕೆ ಕಣ್ಣು ಮುಚ್ಚಿದರೆ ಅದಕ್ಕೆ ಸಿಗುವುದು ಆ ಹನ್ನೊಂದು ಗಂಟೆ ಮಾತ್ರ. ಚರಕ ಸಂಹಿತೆ ಶರೀರದ ಮೂರು ಉಪಸ್ತಂಭಗಳಲ್ಲಿ ನಿದ್ರೆಯನ್ನು ಆಹಾರದ ಪಕ್ಕದಲ್ಲೇ ಇಟ್ಟಿದೆ. ರಾಗಿ ಸರಿ ಎಷ್ಟು ತಿಂದಿತೆಂದು ದಿನಾ ನೋಡುವ ನಾವು, ಎಷ್ಟು ಹೊತ್ತು ಮಲಗಿತೆಂದು ನೋಡುವುದು ಕಡಿಮೆ. ಕತ್ತಲಾದಂತೆ ಮೆದುಳಿನಲ್ಲಿ ಮೆಲಟೊನಿನ್ ಎಂಬ ರಸ ಒಸರಿ ನಿದ್ದೆಗೆ ದಾರಿ ಮಾಡುತ್ತದೆ. ಮಲಗುವ ಮುನ್ನ ಒಂದು ಗಂಟೆ ಪ್ರಖರ ಬೆಳಕಿನಲ್ಲಿದ್ದ ಪುಟ್ಟ ಮಕ್ಕಳಲ್ಲಿ ಈ ರಸ ಬಹುಪಾಲು ಇಂಗಿಹೋದದ್ದನ್ನು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು 2018ರಲ್ಲಿ ಕಂಡುಕೊಂಡರು. ಹಾಗಿರುವಾಗ ಕಣ್ಣು ಕುಕ್ಕುವ ಬೆಳಕಿನಲ್ಲಿ ಕೂರಿಸಿಕೊಂಡು ‘ಇವನಿಗೆ ನಿದ್ದೇನೇ ಬರಲ್ಲ’ ಎಂದು ದೂರುವುದು ನ್ಯಾಯವಲ್ಲ. ಇನ್ನು ‘ಮಲಕೋ, ಆನೆ ಬತ್ತದೆ’ ಎಂಬ ಬೆದರಿಕೆಯೊಂದಿದೆ. ಬೇರೆ ಕಡೆಯ ಗುಮ್ಮ ಬರೀ ಮಾತಿನ ಗುಮ್ಮ. ಕಾಡಂಚಿನ ಹಳ್ಳಿಗೆ ಆನೆ ನಿಜಕ್ಕೂ ಬರುತ್ತದೆ, ಪಟಾಕಿಯ ಸದ್ದೂ ಅಪ್ಪನ ಕೂಗೂ ಕೂಸಿನ ಕಿವಿಗೆ ಬಿದ್ದಿರುತ್ತವೆ. ಹೆದರಿದ ಕೂಸು ಕಣ್ಣು ಮುಚ್ಚೀತು, ನಿದ್ದೆ ಹೋಗದು.

ನಮ್ಮ ಅಜ್ಜಿಯಂದಿರಿಗೆ ಕೂಸನ್ನು ಮಲಗಿಸುವುದು ಒಂದು ಪ್ರಶ್ನೆಯೇ ಆಗಿರಲಿಲ್ಲ. ದೀಪ ಹಚ್ಚಿದ ಮೇಲೆ ಮೆತ್ತನೆಯ ಅನ್ನ ಉಣಿಸಿ, ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಕೈಕಾಲು ಮುಖ ತೊಳೆದು, ನೆತ್ತಿಗೂ ಅಂಗಾಲಿಗೂ ಹರಳೆಣ್ಣೆ ಸವರಿ, ಉಪ್ಪು ಮೆಣಸಿನಕಾಯಿ ಇಳಿ ತೆಗೆದು, ತೊಡೆಯ ಮೇಲೆ ಹಾಕಿಕೊಂಡು ಪದ ಹೇಳುತ್ತಿದ್ದರು. ದೃಷ್ಟಿ ಹೋಯಿತೋ ಬಿಟ್ಟಿತೋ, ದಿನಾ ಅದೇ ಸಾಲಿನಲ್ಲಿ ನಡೆಯುತ್ತಿದ್ದುದರಿಂದ ಪದ ಶುರುವಾಗುವ ಹೊತ್ತಿಗೆ ಕೂಸಿನ ರೆಪ್ಪೆ ಭಾರವಾಗಿರುತ್ತಿತ್ತು. 2009ರಲ್ಲಿ ಅಮೆರಿಕದ ಜೋಡಿ ಮಿಂಡೆಲ್ ಮತ್ತು ಸಂಗಡಿಗರು 405 ತಾಯಂದಿರನ್ನು ಸೇರಿಸಿಕೊಂಡು ಹೆಚ್ಚೂಕಡಿಮೆ ಇದನ್ನೇ ಪರೀಕ್ಷಿಸಿದರು. ಮೊದಲು ಸ್ನಾನ, ಆಮೇಲೆ ಮೈ ನೀವುವುದು, ಕೊನೆಗೆ ಮುದ್ದು ಲಾಲಿಯಂಥ ಗಲಾಟೆಯಿಲ್ಲದ ಕೆಲಸ. ಸ್ನಾನವಾಗಿ ಅರ್ಧ ಗಂಟೆಯೊಳಗೆ ದೀಪ ಆರಿಸಬೇಕು. ಈ ಕ್ರಮ ಪಾಲಿಸಿದ ಮನೆಗಳಲ್ಲಿ ಎರಡೇ ವಾರಕ್ಕೆ ಮಕ್ಕಳು ಬೇಗ ನಿದ್ದೆ ಹೋದರು, ರಾತ್ರಿ ಏಳುವುದು ಕಡಿಮೆಯಾಯಿತು, ತಾಯಂದಿರ ಮನಸ್ಸೂ ಹಗುರಾಯಿತು. ಇದಕ್ಕೆ ಬೇರೆ ಕೋಣೆಯಾಗಲಿ ಮಂಚವಾಗಲಿ ಬೇಕಿಲ್ಲ. ಒಂದೇ ಕೋಣೆಯ ಮನೆಯಲ್ಲೂ ಅದೇ ಮೂಲೆ, ಅದೇ ಚಾಪೆ, ಅದೇ ಕಂಬಳಿ ಇರಬಹುದು. ಉಳಿದವರು ದನಿ ತಗ್ಗಿಸಿ ಮಾತಾಡಬಹುದು. ನೀರು, ಬಚ್ಚಲು ಎಲ್ಲ ಮೊದಲೇ ಮುಗಿದಿರಲಿ. ಒಂದು ಕಥೆ ಎಂದರೆ ಒಂದೇ ಕಥೆ. ಸಂಜೆಯತನಕ ಮಲಗಿದ ಕೂಸು ರಾತ್ರಿ ಬೇಗ ಮಲಗದು, ಆದ್ದರಿಂದ ಹಗಲಿನ ನಿದ್ದೆಯಿಂದ ಹೊತ್ತಿರುವಾಗಲೇ ಎಬ್ಬಿಸಬೇಕು. ಸುಗ್ಗಿಯೋ ಜಾತ್ರೆಯೋ ಬಂದು ಹೊತ್ತು ಅರ್ಧ ಗಂಟೆ ಜಾರಿದರೂ ಸಾಲು ತಪ್ಪದಿರಲಿ. ಕೂಸಿಗೆ ಗಡಿಯಾರ ತಿಳಿಯದು, ಕಾಲು ತೊಳೆದ ಮೇಲೆ ಎಣ್ಣೆ, ಎಣ್ಣೆಯಾದ ಮೇಲೆ ಪದ ಎಂಬುದು ಚೆನ್ನಾಗಿ ತಿಳಿಯುತ್ತದೆ.

ಕೇಳುವವರಿದ್ದ ಕಡೆ ನಾವೆಲ್ಲ ಹೊತ್ತಿಗೆ ಸರಿಯಾಗಿಯೇ ಇರುತ್ತೇವೆ. ಡೇರಿಗೆ ಹಾಲು ಹಾಕುವುದು ತಡವಾದರೆ ಕ್ಯಾನು ಹೋಗಿಬಿಡುತ್ತದೆ, ಸಂಘದ ಕಂತು ತಪ್ಪಿದರೆ ವಾರದ ಸಭೆಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾಗುತ್ತದೆ. ಎರಡು ವರ್ಷದ ಕೂಸು ‘ನನ್ನ ಹೊತ್ತು ಮೀರಿತು’ ಎಂದು ಜಗಳಕ್ಕೆ ನಿಲ್ಲಲಾರದು. ಅದರ ತಕರಾರೇನಿದ್ದರೂ ಅಳು, ಅದಕ್ಕೆ ನಾವು ಇಡುವ ಹೆಸರು ಹಟ. ಕೇಳಲಾರದವರ ಪಾಲನ್ನು ಕೇಳದೆಯೇ ಸಲ್ಲಿಸುವುದು ಗೃಹಸ್ಥಧರ್ಮದ ಮೊದಲ ಪಾಠವಿರಬೇಕು. ನಿನ್ನೆಯಂತೆ ಇಂದೂ ನಡೆಯುತ್ತದೆ, ಈ ಮನೆಯವರನ್ನು ನಂಬಬಹುದು ಎಂಬುದನ್ನು ಮಗು ಕಲಿಯುವುದು ನಮ್ಮ ಉಪದೇಶದಿಂದಲ್ಲ, ಇಂಥ ಸಣ್ಣ ಸಾಲಿನಿಂದ. ಆದರೆ ಈ ಸಾಲನ್ನು ಒಬ್ಬರೇ ಹೊತ್ತರೆ ನಡೆಯುವುದಿಲ್ಲ. ಹೊಲದಿಂದ ಬಂದು, ಮುದ್ದೆ ಕಟ್ಟಿ, ಪಾತ್ರೆ ತೊಳೆದ ಅಮ್ಮನ ಮೇಲೆಯೇ ಇದನ್ನೂ ಹೇರಿದರೆ ಅದು ವಾರದಲ್ಲಿ ಬಿದ್ದುಹೋಗುತ್ತದೆ, ಆಮೇಲೆ ತಪ್ಪೂ ಅವಳದೇ ಆಗುತ್ತದೆ. ಮನೆಮಂದಿಗೆಲ್ಲ ಈ ಕ್ರಮ ಬಾಯಿಪಾಠವಾಗಿರಲಿ. ಅಪ್ಪ ಬ್ಯಾರನ್ ಕಾಯುವ ರಾತ್ರಿ ತಾತ ಎಣ್ಣೆ ಸವರಲಿ, ಅಮ್ಮ ತವರಿಗೆ ಹೋದ ರಾತ್ರಿ ಅತ್ತೆಯೋ ಚಿಕ್ಕಪ್ಪನೋ ಕಥೆ ಹೇಳಲಿ. ಬಾಕಿ ದಿನಗಳಲ್ಲಿ ಮೂರು ಕೆಲಸದಲ್ಲಿ ಒಂದಾದರೂ ಅಪ್ಪನದಾಗಿರಲಿ. ‘ನನಗೆ ಪದ ಗಿದ ಬರಲ್ಲ ಕಣೇ’ ಎಂದು ಅವರು ನುಣುಚಿಕೊಂಡರೆ ಕಾಲು ತೊಳೆಯುವ ಕೆಲಸ ಒಪ್ಪಿಸಿ. ಅದಕ್ಕೆ ರಾಗ ಬೇಕಿಲ್ಲ.