ಉದ್ಯೋಗಾನ್ವೇಷಣೆಯೂ ಅನಿರ್ವೇದವೂ



ಶ್ರೀರಾಮನವಮಿಯ ಉತ್ಸವದಲ್ಲಿ ಸುಂದರಕಾಂಡದ ಪ್ರವಚನಸೇವೆಯು ಈ ಬಾರಿ ನಮ್ಮ ಪಾಲಿಗೆ ಬಂದಿತ್ತು. ಮಂಗಳಾರತಿಯಾಗಿ ಪಾನಕ ಕೋಸಂಬರಿಗಳ ವಿನಿಯೋಗವಾಗುತ್ತಿದ್ದಾಗ ಪದವೀಧರನಾದ ತರುಣನೊಬ್ಬನು ಕಂಬದ ಮರೆಯಲ್ಲಿಯೇ ನಿಂತಿದ್ದನು. ಜನರು ಚದುರಿದ ಮೇಲೆ ಹತ್ತಿರ ಬಂದು, "ಆಚಾರ್ಯರೇ, ಕೆಲಸಕ್ಕಾಗಿ ಅಲೆಯತೊಡಗಿ ಎರಡು ವರ್ಷವಾಯಿತು. ನಾಲ್ಕು ಜನರ ನಡುವೆ ಪ್ರಸಾದಕ್ಕೆ ಕೈಯೊಡ್ಡುವುದಕ್ಕೂ ನಾಚಿಕೆಯಾಗುತ್ತದೆ. ದೇವರನ್ನು ಇನ್ನೇನೆಂದು ಕೇಳಲಿ?" ಎಂದನು. ಅಂದು ಅವನಿಗೆ ಹೇಳಿದುದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ನಿವೇದಿಸುತ್ತೇವೆ.

ನೂರು ಯೋಜನದ ಸಮುದ್ರವನ್ನು ಲಂಘಿಸಿದ ಹನುಮಂತನಿಗೆ ನಿಜವಾದ ಪರೀಕ್ಷೆಯು ಲಂಕೆಯೊಳಗೆ ಕಾದಿತ್ತು. ಮನೆಮನೆಗಳನ್ನೂ ಪುಷ್ಪಕವಿಮಾನವನ್ನೂ ರಾವಣನ ಅಂತಃಪುರವನ್ನೂ ಪಾನಶಾಲೆಯನ್ನೂ ಶೋಧಿಸಿದನು. ಮಂಡೋದರಿಯನ್ನು ಕಂಡು ಸೀತೆಯೆಂದೇ ಭಾವಿಸಿ ಹರ್ಷಿಸಿದನು. ವಿಚಾರಿಸಿ ನೋಡಲಾಗಿ ಆಕೆ ಸೀತೆಯಲ್ಲವೆಂದು ತಿಳಿಯಿತು. ಸಂದರ್ಶನವು ಚೆನ್ನಾಯಿತೆಂದು ಹಿಗ್ಗಿ ಮನೆಗೆ ಬಂದು, ಅನಂತರ ಆಯ್ಕೆಯ ಪಟ್ಟಿಯಲ್ಲಿ ತನ್ನ ಹೆಸರನ್ನು ಕಾಣದವನಿಗೆ ಈ ಪ್ರಸಂಗದ ವ್ಯಾಖ್ಯಾನ ಬೇಕಾಗಿಲ್ಲ. ಬರಿಗೈಯಲ್ಲಿ ಮರಳಿದರೆ ಶ್ರೀರಾಮನ ಗತಿಯೇನು, ದಡದಲ್ಲಿ ಕಾದಿರುವ ವಾನರರ ಗತಿಯೇನು ಎಂಬ ಚಿಂತೆಯು ಬೆಳೆದು, ಮರಳುವುದೇ ಬೇಡ, ಪ್ರಾಣತ್ಯಾಗವೇ ಲೇಸು ಎಂಬಲ್ಲಿಯವರೆಗೂ ಹೋಗುತ್ತದೆ.

ಜೀವೋತ್ತಮನಾದ ಮುಖ್ಯಪ್ರಾಣನಿಗೆ ಅಜ್ಞಾನವೆಲ್ಲಿ, ವಿಷಾದವೆಲ್ಲಿ? ಇದು ಲೋಕಶಿಕ್ಷಣಕ್ಕಾಗಿ ತೋರಿದ ನಟನೆಯೆಂಬುದೇ ನಮ್ಮ ಸಂಪ್ರದಾಯದ ನಿರ್ಣಯ. ಆ ಶಿಕ್ಷಣವಾದರೂ ಯಾವುದು? ಅನಿರ್ವೇದ. ನಿರ್ವೇದವೆಂದರೆ ಬೇಸತ್ತು ಕೈಚೆಲ್ಲುವುದು. ಅನಿರ್ವೇದವೆಂದರೆ ದುಃಖವಿದ್ದರೂ ಹುಡುಕುವುದನ್ನು ನಿಲ್ಲಿಸದಿರುವುದು. ಮರಣದಲ್ಲಿ ದೋಷಗಳೇ ಅನೇಕ, ಬದುಕಿದ್ದವನಿಗೇ ಶುಭವು ಒದಗುವುದೆಂದು ಹನುಮಂತನು ನಿಶ್ಚಯಿಸಿದನು. ಆಗಲೇ ತಾನಿನ್ನೂ ಹುಡುಕದ ಅಶೋಕವನವು ಅವನ ಕಣ್ಣಿಗೆ ಬಿದ್ದಿತು. ರಾಮಲಕ್ಷ್ಮಣರಿಗೂ ಸೀತಾದೇವಿಗೂ ದೇವತೆಗಳಿಗೂ ನಮಸ್ಕರಿಸಿದನು; ನಮಸ್ಕರಿಸಿ ಅಲ್ಲಿಯೇ ಕುಳಿತುಕೊಳ್ಳದೆ ಹಾರಿದನು.

ಶ್ರೀಹರಿಯೊಬ್ಬನೇ ಸ್ವತಂತ್ರನೆಂದ ಮೇಲೆ ನಮ್ಮ ಪ್ರಯತ್ನದಿಂದೇನು ಎಂದು ಕೆಲವರು ಕೇಳುವುದುಂಟು. ಶ್ರೀಮದಾಚಾರ್ಯರು ಜೀವನಿಗೆ ಕರ್ತೃತ್ವವೇ ಇಲ್ಲವೆನ್ನಲಿಲ್ಲ. ಅದು ಇಲ್ಲವಾದರೆ ವಿಧಿನಿಷೇಧಗಳನ್ನು ಹೇಳುವ ಶಾಸ್ತ್ರವೇ ವ್ಯರ್ಥವಾದೀತು. ಕರ್ತೃತ್ವವುಂಟು, ಆದರೆ ಅದು ಹರಿಯ ಅಧೀನ. ಆದುದರಿಂದ ಅರ್ಜಿ ಬರೆಯುವುದು, ಓದುವುದು, ಹತ್ತು ಜನರನ್ನು ವಿಚಾರಿಸುವುದು ನಮ್ಮ ಪಾಲಿನ ಸೇವೆ. ಫಲವು ಅವನ ಕೈಯಲ್ಲಿ. ಕೆಲಸ ಸಿಗಲಿಲ್ಲವೆಂದು ತನ್ನನ್ನು ತಾನೇ ಹಳಿದುಕೊಳ್ಳುವವನು, ಫಲವೂ ತನ್ನ ಕೈಯಲ್ಲಿಯೇ ಇತ್ತೆಂದು ಒಪ್ಪಿಕೊಂಡಂತಾಯಿತು. ವಿನಯದಂತೆ ತೋರಿದರೂ ಅದು ಅಹಂಕಾರದ ಇನ್ನೊಂದು ಮುಖವೇ ಸರಿ.

ಇದನ್ನು ದೂರದಲ್ಲಿ ನಿಂತು ಹೇಳುತ್ತಿಲ್ಲ. ಪಾಠಶಾಲೆಯ ವಿದ್ಯೆಯನ್ನೂ ಬಿ.ಎ. ಪದವಿಯನ್ನೂ ಮುಗಿಸಿ ನಾವೂ ಬ್ಯಾಂಕಿನ ಪರೀಕ್ಷೆ, ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಗಳೆಂದು ಅಲೆದವರೇ. ಒಂದು ಕಛೇರಿಯ ಸಂದರ್ಶನದಲ್ಲಿ ನಮ್ಮ ಶಿಖೆಯನ್ನು ನೋಡಿ ನಕ್ಕರು. ಅನಂತರ ಮೂರು ತಿಂಗಳು ಒಂದು ಅರ್ಜಿಯನ್ನೂ ಹಾಕಲಿಲ್ಲ. ತಂದೆಯವರು ಕೇಳಿದರೆ ಹಾಕಿದ್ದೇವೆಂದು ಸುಳ್ಳಾಡಿದೆವು. ಅವರಿಗೆ ಎಲ್ಲವೂ ತಿಳಿದಿತ್ತು. ಒಂದು ಮುಂಜಾನೆ ದೇವರಿಗೆ ಗಂಧ ತೇಯುತ್ತ, "ನಿನ್ನೆಯ ಗಂಧ ಏನಾಯಿತೆಂದು ನಾನು ಕೇಳುವುದಿಲ್ಲವಪ್ಪ. ಇವತ್ತಿನದನ್ನು ಇವತ್ತು ತೇಯಬೇಕು, ಅಷ್ಟೇ" ಎಂದರು. ಪೂರ್ವಾಶ್ರಮದಲ್ಲಿ ವೆಂಕಟನಾಥರಾಗಿದ್ದ ಶ್ರೀರಾಘವೇಂದ್ರಸ್ವಾಮಿಗಳು ಕಡುಬಡತನದಲ್ಲಿದ್ದಾಗ, ಊಟಕ್ಕೆ ಹೋದ ಮನೆಯಲ್ಲಿ ಗಂಧ ತೇಯಲು ಹೇಳಲಾಗಿ, ಅಂತಹ ವಿದ್ವಾಂಸರು ಮರುಮಾತಾಡದೆ ತೇದ ಪ್ರಸಂಗವು ನಮಗೆ ನೆನಪಾಯಿತು. ಅಂದೇ ಮತ್ತೆ ಅರ್ಜಿ ಬರೆಯಲು ಕುಳಿತೆವು. ಕೊನೆಗೆ ಕೆಲಸ ದೊರೆತದ್ದು ನಾವು ಕಣ್ಣೆತ್ತಿಯೂ ನೋಡದೆ ಬಿಟ್ಟಿದ್ದ ಕಡೆ: ಪ್ರೌಢಶಾಲೆಯೊಂದರ ಸಂಸ್ಕೃತ ಪಾಠ. ವೇತನ ಅಲ್ಪ, ಆದರೆ ಅದೇ ನಮ್ಮ ಅಶೋಕವನವಾಯಿತು.

ತರುಣರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಸಂಧ್ಯಾವಂದನೆಯಂತೆ ಉದ್ಯೋಗದ ಪ್ರಯತ್ನಕ್ಕೂ ದಿನದಲ್ಲಿ ನಿಯತವಾದ ವೇಳೆಯಿರಲಿ. ಕೈಗೆ ಬಂದ ಸಣ್ಣ ಕೆಲಸವನ್ನು ಹೀನವೆನ್ನಬೇಡಿ. ಬದುಕೇ ಬೇಡವೆಂಬ ಯೋಚನೆಯು ಸುಳಿದರೆ ಅದನ್ನು ಅಂದೇ ಮನೆಯವರಲ್ಲಿ ಬಾಯಿಬಿಟ್ಟು ಹೇಳಿರಿ; ಒಬ್ಬರೇ ಹೊರಬೇಡಿ.

ಹಿರಿಯರಲ್ಲಿಯೂ ಒಂದು ಮಾತು. ಸಮುದ್ರದ ದಡದಲ್ಲಿ ಸುಮ್ಮನೆ ಕುಳಿತಿದ್ದ ಹನುಮಂತನನ್ನು ಜಾಂಬವಂತನು ಹೀಯಾಳಿಸಲಿಲ್ಲ. ಅವನ ಜನ್ಮವನ್ನೂ ಬಲವನ್ನೂ ಎತ್ತಿ ಹೇಳಿದನು. ಮದುವೆ ಮುಂಜಿಗಳ ಪಂಕ್ತಿಯಲ್ಲಿ "ಇನ್ನೂ ಕೆಲಸ ಆಗಲಿಲ್ಲವೇ?" ಎಂದು ನಾಲ್ಕು ಜನರೆದುರು ಕೇಳುವ ಬದಲು, ತಿಳಿದ ಕಡೆ ಒಂದು ಮಾತು ಹೇಳಿಸಿದರೆ ಅದು ಜಾಂಬವಂತನ ಕೆಲಸವಾದೀತು.

ಅಂದು ಆ ತರುಣನು ಪ್ರಾಣದೇವರಿಗೆ ನಮಸ್ಕರಿಸಿ, ಪಾತ್ರೆಯ ತಳದಲ್ಲಿ ಉಳಿದಿದ್ದ ಪಾನಕವನ್ನು ಕೈಯೊಡ್ಡಿ ಸ್ವೀಕರಿಸಿ ಹೋದನು. ಅವನಿಗೂ ಅವನಂತಹ ಎಲ್ಲರಿಗೂ ಹರಿವಾಯುಗುರುಗಳು ಅನಿರ್ವೇದವನ್ನು ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥